ಏಳು ಮರಿ, ಒಂದು ತಕ್ಕಡಿ: ಮುಧೋಳ ನಾಯಿಮರಿಗಳ ಮೊದಲ ಎಂಟು ವಾರ

ನಮ್ಮ ಅಡುಗೆಮನೆಯಲ್ಲಿ ಎರಡು ತಕ್ಕಡಿಗಳಿವೆ. ಮೊದಲು ಒಂದೇ ಇತ್ತು. ನಮ್ಮ ಮುಧೋಳ ನಾಯಿ ಗೌರಿ ಮೊದಲ ಸಲ ಮರಿ ಹಾಕಿದಾಗ ನಾನು ಅದನ್ನು ಪಡಸಾಲೆಗೆ ಒಯ್ದು ಮರಿಗಳನ್ನು ತೂಗಿದೆ. ಆಮೇಲೆ ಎಷ್ಟು ತೊಳೆದು ಕೊಟ್ಟರೂ ಅದರಲ್ಲಿ ಬೆಲ್ಲ ತೂಗಲು ಹೆಂಡತಿ ಒಪ್ಪಲಿಲ್ಲ. ಮರಿ ಸಾಕಲು ಏನೇನು ಬೇಕು ಎಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಗ್ರಾಮ್ ಲೆಕ್ಕ ತೋರಿಸುವ ಒಂದು ತಕ್ಕಡಿ, ಒಂದು ನೋಟ್‌ಬುಕ್. ಹಾಲಿನ ಬಾಟಲಿ, ಟಾನಿಕ್, ಕ್ಯಾಲ್ಸಿಯಂ ಸೀಸೆಗಳೆಲ್ಲ ಆಮೇಲಿನ ಮಾತು.

ಮುಧೋಳ ನಾಯಿಯ ಹೆಸರು ಈಗ ದೇಶಕ್ಕೆಲ್ಲ ಗೊತ್ತು. ಬಾಗಲಕೋಟೆ ಜಿಲ್ಲೆಯ ಮುಧೋಳವನ್ನು ಆಳಿದ ಘೋರ್ಪಡೆ ಅರಸರು ಪೋಷಿಸಿದ ತಳಿಯಿದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಆಮೇಲೆ ಸೇನೆಯ ತರಬೇತಿಗೂ ಹೋಯಿತು. 2020ರಲ್ಲಿ ಪ್ರಧಾನಿಯವರ ಬಾನುಲಿ ಭಾಷಣದಲ್ಲೂ ಇದರ ಹೆಸರು ಕೇಳಿಸಿತು. ಅಲ್ಲಿಂದ ಮರಿ ಕೇಳುವವರು ಹೆಚ್ಚಾದರು. ಮನೆಯಲ್ಲಿಯೇ ಮರಿ ಮಾಡಿಸುತ್ತೇವೆ ಎನ್ನುವ ಹೊಸಬರೂ ಹೆಚ್ಚಾದರು. ಈ ಬರಹ ಅವರಿಗಾಗಿ. ಬೇರೆ ತಳಿ ಸಾಕುವವರಿಗೂ ಇದರ ಬಹುಪಾಲು ಉಪಯೋಗಕ್ಕೆ ಬರುತ್ತದೆ.

ಮರಿ ಹಾಕುವ ಮುನ್ನ

ನಾಯಿಯ ಗಬ್ಬದ ಅವಧಿ ಸುಮಾರು 63 ದಿನ. ನಾಲ್ಕೈದು ದಿನ ಹಿಂದೆ ಮುಂದೆ ಆಗಬಹುದು. 55 ದಿನ ದಾಟಿದ ಮೇಲೆ ಒಂದು ಎಕ್ಸ್‌ರೇ ತೆಗೆಸಿದರೆ ಮರಿಗಳ ಸಂಖ್ಯೆ ತಿಳಿಯುತ್ತದೆ. ಇದು ದುಂದು ಖರ್ಚಲ್ಲ. ರಾತ್ರಿ ಎರಡು ಗಂಟೆಗೆ ಆರು ಮರಿ ಬಂದು ತಾಯಿ ಸುಮ್ಮನೆ ಮಲಗಿದಾಗ ಒಳಗೆ ಇನ್ನೊಂದಿದೆಯೋ ಇಲ್ಲವೋ ಎಂಬುದನ್ನು ಆ ಚಿತ್ರ ಮಾತ್ರ ಹೇಳಬಲ್ಲದು.

ಬಾಣಂತನದ ಪೆಟ್ಟಿಗೆಯನ್ನು ಹತ್ತು ದಿನ ಮೊದಲೇ ಮಾಡಿಡಿ. ಮುಧೋಳದ ಹೆಣ್ಣು ಕಾಲು ಚಾಚಿ ಮಲಗುವಂತಿರಬೇಕು. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಒಂದೂವರೆ ಅಡಿ ಎತ್ತರದ ಗೋಡೆ ಸಾಕು. ಒಳಗೋಡೆಯ ಸುತ್ತ, ನೆಲದಿಂದ ನಾಲ್ಕು ಅಂಗುಲ ಮೇಲೆ, ಗೋಡೆಯಿಂದ ನಾಲ್ಕು ಅಂಗುಲ ಬಿಟ್ಟು, ಒಂದು ಬಿದಿರನ್ನೋ ಪೈಪನ್ನೋ ಬಿಗಿಯಿರಿ. ತಾಯಿ ಗೋಡೆಗೆ ಒರಗಿದಾಗ ಹಿಂದೆ ಸಿಕ್ಕಿಕೊಂಡ ಮರಿ ಆ ಸಂದಿಯಲ್ಲಿ ಉಳಿಯುತ್ತದೆ. ಬಿದಿರು ಇಲ್ಲದಿದ್ದರೆ ಅಪ್ಪಚ್ಚಿಯಾಗುತ್ತದೆ.

ಕೆಳಗೆ ಹಳೆಯ ಪತ್ರಿಕೆಗಳನ್ನು ಹಾಸಿ. ಈ ಬರಹ ಅಚ್ಚಾದ ಪುರವಣಿಯೂ ಆಗಬಹುದು, ನನಗೆ ಬೇಸರವಿಲ್ಲ. ಆದರೆ ಬರೀ ಪತ್ರಿಕೆಯ ಮೇಲೆ ಮರಿಗಳ ಕಾಲು ಜಾರುತ್ತದೆ. ಜಾರುತ್ತಲೇ ಬೆಳೆದರೆ ಕಾಲುಗಳು ಕಪ್ಪೆಯಂತೆ ಅಗಲವಾಗಿಬಿಡುವುದುಂಟು. ಮೇಲೊಂದು ಒರಟು ಬಟ್ಟೆ ಬೇಕು. ನಮ್ಮ ಕಡೆ ಕೌದಿ ಹಾಸುತ್ತಾರೆ. ಹಾಸಬಹುದು, ಆದರೆ ಹೊಲಿಗೆ ಬಿಚ್ಚಿದ ಕೌದಿ ಬೇಡ. ಆ ತೂತಿನಲ್ಲಿ ಮರಿಯ ಕಾಲು ಸಿಕ್ಕಿಕೊಳ್ಳುತ್ತದೆ, ಪದರದೊಳಗೆ ನುಸುಳಿದರೆ ತಾಯಿಗೆ ಕಾಣುವುದಿಲ್ಲ.

58ನೆಯ ದಿನದಿಂದ ಬೆಳಿಗ್ಗೆ ಸಂಜೆ ಗುದದ್ವಾರದಲ್ಲಿ ಜ್ವರಮಾಪಕ ಇಟ್ಟು ನೋಡಿ. ಸಾಮಾನ್ಯವಾಗಿ 101ರ ಆಸುಪಾಸು ಇರುವ ಶಾಖ 99 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಮುಂದಿನ 24 ಗಂಟೆಗಳಲ್ಲಿ ಹೆರಿಗೆ ಶುರುವಾಗುತ್ತದೆ ಎಂದು ತಿಳಿಯಿರಿ. ಊಟ ಬಿಡುವುದು, ಏದುಸಿರು, ಹಾಸಿಗೆ ಕೆರೆಯುವುದು ಇವೆಲ್ಲ ಜೊತೆಗೇ ಬರುತ್ತವೆ.

ಆ ರಾತ್ರಿ

ಸಾಮಾನ್ಯವಾಗಿ ರಾತ್ರಿಯೇ ಆಗುತ್ತದೆ, ಅದೇಕೋ! ಮನೆಯವರಲ್ಲಿ ಒಬ್ಬರು ಮಾತ್ರ ಹತ್ತಿರ ಇರಲಿ. ಅಕ್ಕಪಕ್ಕದವರನ್ನೆಲ್ಲ ಕರೆದು ಜಾತ್ರೆ ಮಾಡಬೇಡಿ. ಗಾಬರಿಗೊಂಡ ತಾಯಿ ಹೆರಿಗೆಯನ್ನೇ ತಡೆಹಿಡಿಯುತ್ತದೆ.

ಮರಿ ಪೊರೆಯ ಸಮೇತ ಬರುತ್ತದೆ. ತಾಯಿಯೇ ಪೊರೆ ಹರಿದು, ನೆಕ್ಕಿ, ಹೊಕ್ಕುಳಬಳ್ಳಿ ಕಚ್ಚಿ ಕತ್ತರಿಸುತ್ತದೆ. ನಿಮ್ಮ ಕೆಲಸ ನೋಡುವುದು ಮಾತ್ರ. ಹಿಂಗಾಲು ಮೊದಲು ಬಂತೆಂದು ಹೆದರಬೇಡಿ. ನಾಯಿಗಳಲ್ಲಿ ಅದು ಸಾಮಾನ್ಯ, ಹತ್ತರಲ್ಲಿ ನಾಲ್ಕು ಮರಿ ಹಾಗೆಯೇ ಬರುತ್ತವೆ. ಒಂದು ನಿಮಿಷವಾದರೂ ತಾಯಿ ಪೊರೆ ಹರಿಯದಿದ್ದರೆ ಮುಖದ ಭಾಗದಿಂದ ನೀವೇ ಹರಿದು, ಬಾಯಿ ಮೂಗು ಒರೆಸಿ, ಒಣ ಟವೆಲಿನಿಂದ ಮೈಯನ್ನು ಚೆನ್ನಾಗಿ ಉಜ್ಜಿ. ಮರಿ ಕುಂಯ್‌ ಎಂದು ಅತ್ತರೆ ಗೆದ್ದಿರಿ. ಹಿಂಗಾಲು ಹಿಡಿದು ಗಿರಗಿರನೆ ಬೀಸುವ ಹಳೆಯ ಪದ್ಧತಿ ಬೇಡವೇ ಬೇಡ, ಅದರಿಂದ ಮಿದುಳಿಗೆ ಪೆಟ್ಟಾಗುತ್ತದೆ. ಬಳ್ಳಿ ಕತ್ತರಿಸಬೇಕಾದರೆ ಹೊಟ್ಟೆಯಿಂದ ಒಂದು ಅಂಗುಲ ಬಿಟ್ಟು, ಕುದಿಸಿದ ದಾರದಿಂದ ಕಟ್ಟಿ, ಆಚೆ ಕತ್ತರಿಸಿ, ತುದಿಗೆ ಅಯೋಡಿನ್ ಹಚ್ಚಿ. ಎಷ್ಟು ಮರಿಯೋ ಅಷ್ಟು ಮಾಸು (ಪ್ಲಸೆಂಟಾ) ಬೀಳಬೇಕು. ಎಣಿಸುತ್ತಿರಿ, ಏಕೆಂದರೆ ತಾಯಿ ಅದನ್ನು ತಿಂದುಬಿಡುತ್ತದೆ.

ವೈದ್ಯರಿಗೆ ಫೋನ್ ಮಾಡಬೇಕಾದ ಸಂದರ್ಭಗಳನ್ನು ಗೋಡೆಯ ಮೇಲೆ ಬರೆದಿಡಿ. ಜೋರಾಗಿ ತಿಣುಕುತ್ತ ಅರ್ಧ ಗಂಟೆಯಾದರೂ ಮರಿ ಬಾರದಿದ್ದರೆ. ಒಳಗೆ ಮರಿ ಇದೆಯೆಂದು ಗೊತ್ತಿದ್ದೂ ಎರಡು ಗಂಟೆಗೂ ಹೆಚ್ಚು ಕಾಲ ಏನೂ ಆಗದಿದ್ದರೆ. ಮೊದಲ ಮರಿ ಬರುವ ಮುಂಚೆಯೇ ಹಸಿರು ಸ್ರಾವ ಕಂಡರೆ. ಈ ಕೊನೆಯದು ಕಂಡಾಗ ಕಾಯುವಂತೆಯೇ ಇಲ್ಲ. ಮಾಸು ಗರ್ಭಕೋಶದಿಂದ ಬಿಟ್ಟುಕೊಂಡಿದೆ, ಒಳಗಿರುವ ಮರಿಗೆ ಉಸಿರಿಲ್ಲ ಎಂದು ಅರ್ಥ.

ಗಿಣ್ಣದ ಹಾಲು, ಆಮೇಲೆ ಶಾಖ

ಮನುಷ್ಯರ ಕೂಸಿಗೆ ಸಿಗುವಷ್ಟು ರೋಗನಿರೋಧಕ ಶಕ್ತಿ ನಾಯಿಮರಿಗೆ ಗರ್ಭದಲ್ಲಿ ಸಿಗುವುದಿಲ್ಲ. ಬಹುಪಾಲು ಗಿಣ್ಣದ ಹಾಲಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಇರುವುದು ಸುಮಾರು ಒಂದು ದಿನ ಮಾತ್ರ. ಆದ್ದರಿಂದ ಪ್ರತಿ ಮರಿಯೂ ಮೊದಲ ಕೆಲವು ಗಂಟೆಗಳಲ್ಲೇ ಮೊಲೆ ಹಿಡಿಯಿತೇ ಎಂದು ನೋಡಿ. ಸಣ್ಣದನ್ನು ಹಿಂದಿನ ಮೊಲೆಗಳಿಗೆ ಹಚ್ಚಿ, ಅಲ್ಲಿ ಹಾಲು ಹೆಚ್ಚು.

ಹುಟ್ಟಿದ ಮರಿಗೆ ನಡುಗಲೂ ಬಾರದು. ಮೊದಲ ವಾರ ಅದರ ಸುತ್ತಲಿನ ಗಾಳಿ 85ರಿಂದ 90 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಆಮೇಲೆ ವಾರಕ್ಕೆ ಐದು ಡಿಗ್ರಿಯಂತೆ ಇಳಿಸುತ್ತ ಬಂದರೆ ನಾಲ್ಕನೆಯ ವಾರಕ್ಕೆ 75ರ ಹತ್ತಿರ ಸಾಕು. ಪೆಟ್ಟಿಗೆಯ ಒಂದು ಮೂಲೆಗೆ ಮಾತ್ರ ಬಲ್ಬು ತೂಗುಹಾಕಿ. ಇನ್ನೊಂದು ಮೂಲೆ ತಂಪಾಗಿರಲಿ. ಬೇಕಾದವರು ಬೇಕಾದಲ್ಲಿಗೆ ತೆವಳುತ್ತಾರೆ. ಬಾಣಂತಿಗೆ ಇಡುವಂತೆ ಕೋಣೆಯೊಳಗೆ ಕೆಂಡದ ಬುಟ್ಟಿ ಇಟ್ಟು ಬಾಗಿಲು ಹಾಕುವವರನ್ನು ಕಂಡಿದ್ದೇನೆ. ಆ ಗಾಳಿ ಮರಿಗಳನ್ನು ಮಾತ್ರವಲ್ಲ, ತಾಯಿಯನ್ನೂ ಕೊಲ್ಲುತ್ತದೆ.

ಆದರೆ ಪುಸ್ತಕಗಳಲ್ಲಿ ಬರೆಯುವ ಈ ಲೆಕ್ಕವೆಲ್ಲ ಚಳಿಯ ದೇಶದವರದು. ಬಾಗಲಕೋಟೆಯ ಏಪ್ರಿಲ್‌ನಲ್ಲಿ ತಗಡಿನ ಮಾಡಿನ ಕೆಳಗೆ ಬಲ್ಬು ಹಾಕುವವನು ಮರಿ ಬೇಯಿಸುತ್ತಾನೆ. ನಮ್ಮಲ್ಲಿ ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತೇವೆ, ಫ್ಯಾನನ್ನು ಗೋಡೆಯ ಕಡೆಗೆ ತಿರುಗಿಸುತ್ತೇವೆ, ಮರಿಗೆ ನೇರ ಗಾಳಿ ಬಡಿಯದಂತೆ. ಉಷ್ಣಮಾಪಕಕ್ಕಿಂತ ಮೊದಲು ಮರಿಗಳನ್ನೇ ನೋಡಿ. ಒಂದರ ಮೇಲೊಂದು ರಾಶಿ ಬಿದ್ದು ಅಳುತ್ತಿದ್ದರೆ ಚಳಿ. ನಾಲ್ಕು ಮೂಲೆಗೆ ಚೆದುರಿ ಬಾಯಿ ತೆರೆದಿದ್ದರೆ ಸೆಕೆ. ಪಕ್ಕಪಕ್ಕ ಒರಗಿ, ನಿದ್ದೆಯಲ್ಲಿ ಆಗಾಗ ಮೈ ಅದುರಿಸುತ್ತಿದ್ದರೆ ಎಲ್ಲವೂ ಸರಿ.

ತಕ್ಕಡಿಯ ಮಾತು

ಏಳು ಮರಿಯೂ ಒಂದೇ ಕಂದು ಬಣ್ಣದವಾದರೆ ಗುರುತು ಹೇಗೆ? ಕೊರಳಿಗೆ ಬಣ್ಣಬಣ್ಣದ ಉಣ್ಣೆ ದಾರ ಸಡಿಲವಾಗಿ ಕಟ್ಟಿ, ಎರಡು ದಿನಕ್ಕೊಮ್ಮೆ ಬಿಚ್ಚಿ ಮತ್ತೆ ಕಟ್ಟಿ. ದಿನವೂ ಒಂದೇ ಹೊತ್ತಿಗೆ ತೂಗಿ. ಮೊದಲ ದಿನ ಸ್ವಲ್ಪ ಇಳಿಯಬಹುದು, ಹತ್ತರಲ್ಲಿ ಒಂದು ಪಾಲಿನವರೆಗೆ. ಅನಂತರ ದಿನವೂ ಏರಲೇಬೇಕು. ಎಂಟರಿಂದ ಹತ್ತು ದಿನಕ್ಕೆ ಹುಟ್ಟಿದ ತೂಕದ ಎರಡರಷ್ಟು.

ನನ್ನ ನೋಟ್‌ಬುಕ್‌ನಲ್ಲಿ ಕೆಂಪು ದಾರದ ಮರಿಯ ಸಾಲು ಹೀಗಿದೆ: 340, 325, 350, 385, 420. ಅದರ ಕೆಳಗಿನ ಹಳದಿ ದಾರದ ಸಾಲು: 310, 300, 300, 295. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತಿದ್ದವು, ಎರಡೂ ಮೊಲೆಗೆ ಬಾಯಿ ಹಾಕಿಯೇ ಮಲಗಿದ್ದವು. ಹಳದಿ ಬರೀ ಬಾಯಿ ಹಾಕಿತ್ತು, ಹಾಲು ಎಳೆಯುತ್ತಿರಲಿಲ್ಲ. ಅದು ತಕ್ಕಡಿಗೆ ತಿಳಿಯಿತು, ನನಗೆ ತಿಳಿಯಲಿಲ್ಲ. ಅಂದೇ ಮೇಲುಹಾಲು, ಅಂದರೆ ನಾವೇ ಕುಡಿಸುವ ಹಾಲು, ಶುರು ಮಾಡಿದ್ದರಿಂದ ಉಳಿಯಿತು.

ಅದಕ್ಕೂ ಹಿಂದಿನ ಒಂದು ಮರಿ ಉಳಿದಿರಲಿಲ್ಲ. ಆಗ ನನಗೆ ತಕ್ಕಡಿಯೂ ಇರಲಿಲ್ಲ, ಬುದ್ಧಿಯೂ ಇರಲಿಲ್ಲ. ಮೂರನೆಯ ರಾತ್ರಿ ಒಂದು ಮರಿ ತಣ್ಣಗೆ ಬಿದ್ದಿತ್ತು. ಹಸಿದಿದೆ ಎಂದುಕೊಂಡು ಆಕಳ ಹಾಲು ಕಾಸಿ, ಅಂಗಾತ ಮಲಗಿಸಿ, ಚಮಚದಲ್ಲಿ ಕುಡಿಸಿದೆ. ಬೆಳಗಾಗುವುದರೊಳಗೆ ಸತ್ತಿತು. ಆ ಒಂದು ಚಮಚದಲ್ಲಿ ನಾನು ಮೂರು ತಪ್ಪು ಮಾಡಿದ್ದೆ ಎಂದು ಪಶುವೈದ್ಯರು ಆಮೇಲೆ ವಿವರಿಸಿದರು.

ಮೊದಲನೆಯದು, ಮೈ ತಣ್ಣಗಾದ ಮರಿಯ ಕರುಳು ಕೆಲಸ ಮಾಡುವುದಿಲ್ಲ. ಮೈಶಾಖ 94 ಡಿಗ್ರಿಗಿಂತ ಕೆಳಗಿದ್ದರೆ ಹಾಲು ಹೊಟ್ಟೆಯಲ್ಲೇ ಕೊಳೆಯುತ್ತದೆ. ಮೊದಲು ಬೆಚ್ಚಗಾಗಿಸಬೇಕು, ಅದೂ ನಿಧಾನವಾಗಿ. ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಒಂದೆರಡು ಗಂಟೆ ಕುಳಿತುಕೊಳ್ಳುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಎರಡನೆಯದು, ನಾಯಿಯ ಹಾಲಿನಲ್ಲಿರುವ ಪ್ರೋಟೀನು ಮತ್ತು ಕೊಬ್ಬಿನ ಅರ್ಧದಷ್ಟೂ ಆಕಳ ಹಾಲಿನಲ್ಲಿಲ್ಲ, ಸಕ್ಕರೆಯಂಶ ಮಾತ್ರ ಹೆಚ್ಚು, ಹಾಗಾಗಿ ಭೇದಿ. ನಾಯಿಮರಿಗಳಿಗೆಂದೇ ಬರುವ ಹಾಲಿನ ಪುಡಿಯ ಒಂದು ಡಬ್ಬಿಯನ್ನು ಹೆರಿಗೆಗೆ ಮೊದಲೇ ತಂದಿಡಿ. ಮೂರನೆಯದು, ಅಂಗಾತ ಮಲಗಿಸಿ ಕುಡಿಸಿದ್ದು. ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮರಿ ಹೊಟ್ಟೆಯ ಮೇಲೆ ಮಲಗಿ, ತಾಯಿಯ ಮೊಲೆ ಹುಡುಕುವಂತೆ ತಲೆ ತುಸು ಎತ್ತಿ ಕುಡಿಯಬೇಕು.

ಮೇಲುಹಾಲು ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ತಾಯಿ ನೆಕ್ಕದ ಮರಿಯಾದರೆ ಕುಡಿಸಿದ ಮೇಲೆ ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ಕೆಳಹೊಟ್ಟೆ ಒರೆಸಿ. ತಾನಾಗಿ ಮೂತ್ರ ಮಾಡಲು ಅದಕ್ಕೆ ಮೂರು ವಾರವಾದರೂ ಬೇಕು.

ಬಾಣಂತಿಯನ್ನು ಮರೆಯಬೇಡಿ

ಮುಧೋಳ ನಾಯಿ ಮೊದಲೇ ತೆಳ್ಳಗೆ. ಏಳು ಮರಿಗೆ ಹಾಲೂಡಿಸಿದ ತಾಯಿಯ ಬೆನ್ನೆಲುಬು ಎಣಿಸುವಂತಾದರೂ ‘ತಳಿಯೇ ಹಾಗೆ’ ಎಂದು ಸುಮ್ಮನಿರುವವರಿದ್ದಾರೆ. ಹಾಗಲ್ಲ. ಮೂರು ನಾಲ್ಕನೆಯ ವಾರದಲ್ಲಿ ಅದಕ್ಕೆ ಎಂದಿನ ಎರಡು ಮೂರು ಪಟ್ಟು ಊಟ ಬೇಕು, ನಾಲ್ಕು ಹೊತ್ತಿಗೆ ಹಂಚಿ. ರೊಟ್ಟಿ ಹಾಲಿನ ಜೊತೆಗೆ ಮೊಟ್ಟೆ, ಮಾಂಸ. ನೀರು ಯಾವಾಗಲೂ. ಗಬ್ಬವಿದ್ದಾಗ ಸ್ವಂತ ಬುದ್ಧಿಯಿಂದ ಕ್ಯಾಲ್ಸಿಯಂ ಕುಡಿಸಬೇಡಿ. ಹೊರಗಿನಿಂದ ಸಿಗುತ್ತಿದ್ದರೆ ಎಲುಬಿನಿಂದ ಸುಣ್ಣ ತೆಗೆಯುವುದನ್ನು ದೇಹ ಮರೆಯುತ್ತದೆ, ಹಾಲು ಜೋರಾದಾಗ ಕುಸಿಯುತ್ತದೆ. ತಾಯಿ ನಡುಗುತ್ತ, ಕಾಲು ಸೆಟೆದು ತೊಡರುತ್ತ, ಮೈ ಸುಡುತ್ತಿದ್ದರೆ ಮರಿಗಳನ್ನು ಬಿಡಿಸಿ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ.

ಮೊಲೆಗಳನ್ನು ದಿನವೂ ಮುಟ್ಟಿ ನೋಡಿ. ಬಿಸಿಯಾಗಿ, ಕೆಂಪಾಗಿ, ಗಟ್ಟಿಯಾಗಿದ್ದರೆ ಬಾವು. ಮರಿಗಳ ಉಗುರಿನ ತುದಿಯನ್ನು ವಾರಕ್ಕೊಮ್ಮೆ ಕತ್ತರಿಸಿದರೆ ತಾಯಿಗೆ ಗೀರು ತಪ್ಪುತ್ತದೆ.

ಕಣ್ಣು ಬಿಟ್ಟ ಮೇಲೆ

ಹತ್ತರಿಂದ ಹದಿನಾಲ್ಕು ದಿನಕ್ಕೆ ಕಣ್ಣು ತೆರೆಯುತ್ತವೆ, ಸ್ವಲ್ಪ ತಡವಾಗಿ ಕಿವಿ. ಮೂರನೆಯ ವಾರ ತೂರಾಡುತ್ತ ನಿಲ್ಲುತ್ತವೆ. ಅಲ್ಲಿಯವರೆಗೆ ದೂರವಿದ್ದ ನಿಮ್ಮ ಕೈ ಈಗ ಮುಂದೆ ಬರಬೇಕು. ಮುಧೋಳ ನಾಯಿಗೆ ಅಪರಿಚಿತರ ಸ್ಪರ್ಶ ಹಿಡಿಸುವುದಿಲ್ಲ ಎಂಬ ಮಾತಿದೆ, ನಿಜವೂ ಹೌದು. ಆದರೆ ಮೂರರಿಂದ ಹನ್ನೆರಡನೆಯ ವಾರದವರೆಗೆ ಮನುಷ್ಯರ ಕೈಯನ್ನೇ ಕಾಣದ ಮರಿ ಇನ್ನೂ ಅಂಜುಬುರುಕವಾಗುತ್ತದೆ. ದಿನಕ್ಕೆ ಕೆಲವು ಸಲ ಎತ್ತಿಕೊಳ್ಳಿ, ಪಾದ ಹಿಡಿಯಿರಿ, ಕಿವಿ ನೋಡಿ. ಕುಕ್ಕರಿನ ಸೀಟಿ, ಟ್ರ್ಯಾಕ್ಟರ್ ಸದ್ದು, ಮಕ್ಕಳ ಗಲಾಟೆ ಎಲ್ಲ ಕೇಳಲಿ.

ನಾಲ್ಕನೆಯ ವಾರಕ್ಕೆ ಅಗಲವಾದ ತಟ್ಟೆಯಲ್ಲಿ ತೆಳುವಾದ ಊಟ. ಮೊದಲ ದಿನ ತಟ್ಟೆಯೊಳಗೆ ನಡೆದಾಡುತ್ತವೆ. ತಾಯಿ ಬಂದು ಅವುಗಳ ಮೈ ನೆಕ್ಕಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಜೋಳದ ಅಂಬಲಿಯಲ್ಲೇ ನಮ್ಮ ಅಜ್ಜ ನಾಯಿ ಬೆಳೆಸಿದ್ದು ಹೌದು. ಆದರೆ ಬೆಳೆಯುವ ಮರಿಗೆ ಬರೀ ಅಂಬಲಿ ಸಾಲದು. ಬೇಯಿಸಿದ ಮೊಟ್ಟೆ, ನುಣ್ಣಗೆ ಅರೆದ ಕೋಳಿಮಾಂಸ, ಇಲ್ಲವೇ ನೆನೆಸಿದ ಮರಿ ಆಹಾರ ಬೆರೆಸಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬೇಡ.

ಜಂತುಹುಳು ಗರ್ಭದಲ್ಲಿಯೇ ತಾಯಿಯಿಂದ ಬಂದಿರುತ್ತದೆ. ಎರಡು, ನಾಲ್ಕು, ಆರು, ಎಂಟನೆಯ ವಾರ ಔಷಧಿ ಕೊಡಬೇಕು. ಪ್ರಮಾಣ ತೂಕದ ಮೇಲೆ, ಮತ್ತೆ ತಕ್ಕಡಿ. ಲಸಿಕೆ ಆರರಿಂದ ಎಂಟನೆಯ ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ 16ನೆಯ ವಾರದವರೆಗೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಅಷ್ಟು ಸಲ ಏಕೆ ಎಂದರೆ, ತಾಯಿಯ ಗಿಣ್ಣದಿಂದ ಬಂದ ಶಕ್ತಿ ಮೊದಮೊದಲ ಲಸಿಕೆಯನ್ನು ಕೆಲಸ ಮಾಡಗೊಡುವುದಿಲ್ಲ. ಅದು ಯಾವ ಮರಿಯಲ್ಲಿ ಎಂದು ಇಳಿಯುತ್ತದೆಂದು ಹೊರಗಿನಿಂದ ಕಾಣುವುದಿಲ್ಲ. ಈ ನಡುವೆ ಪಾರ್ವೊ ಎಂಬ ವೈರಸ್ ರೋಗ ಬಂದರೆ ಇಡೀ ಸೂಲು ಹೋಗಬಹುದು. ಅದು ಚಪ್ಪಲಿಯ ಮಣ್ಣಿನಲ್ಲಿ ಬರುತ್ತದೆ, ಫಿನಾಯಿಲ್‌ಗೆ ಬಗ್ಗುವುದಿಲ್ಲ. ಬ್ಲೀಚಿಂಗ್ ದ್ರಾವಣದಿಂದ ನೆಲ ಒರೆಸಿ, ನೋಡಲು ಬಂದವರ ಚಪ್ಪಲಿ ಬಾಗಿಲಾಚೆ ಬಿಡಿಸಿ. ಯಾರಾದರೂ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಕೊಡುವ ದಿನ

‘ಕಣ್ಣು ಬಿಟ್ಟಿದೆಯಲ್ಲ, ಹಾಲು ಕುಡಿಸಿ ನಾವೇ ಬೆಳೆಸುತ್ತೇವೆ’ ಎಂದು ನಾಲ್ಕನೆಯ ವಾರಕ್ಕೇ ಬೈಕು ತಂದು ನಿಲ್ಲಿಸುತ್ತಾರೆ. ಕೊಡಬೇಡಿ. 2017ರ ಕೇಂದ್ರದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಹೆಣ್ಣಿಗೆ 18 ತಿಂಗಳು ತುಂಬದೆ ಗಂಡು ಬಿಡಬಾರದು, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಆಗಬಾರದು. ನಿಯಮ ಹಾಗಿರಲಿ, ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದೇ ಐದರಿಂದ ಎಂಟನೆಯ ವಾರದಲ್ಲಿ, ಒಡಹುಟ್ಟಿದವರ ಹಲ್ಲಿನಿಂದ. ಬೇಗ ಬಿಡಿಸಿದ ಮರಿ ಅದನ್ನು ಮನೆಯ ಮಕ್ಕಳ ಕೈಮೇಲೆ ಕಲಿಯುತ್ತದೆ.

ಒಯ್ಯುವವರ ಕೈಗೆ ಮೂರು ದಿನಕ್ಕಾಗುವಷ್ಟು ಅದೇ ಆಹಾರ, ಪೆಟ್ಟಿಗೆಯಲ್ಲಿ ತಾಯಿಯ ಕೆಳಗಿದ್ದ ಒಂದು ತುಂಡು ಬಟ್ಟೆ, ನೋಟ್‌ಬುಕ್‌ನ ಆ ಮರಿಯ ಪುಟದ ನಕಲು, ಜಂತುಹುಳದ ಔಷಧಿ ಮತ್ತು ಲಸಿಕೆಯ ತಾರೀಖುಗಳು. ಕೊರಳಿನ ಉಣ್ಣೆ ದಾರವನ್ನು ಬಾಗಿಲಲ್ಲೇ ಕತ್ತರಿಸಿ ತೆಗೆಯಿರಿ. ಚೆಂದ ಕಾಣುತ್ತದೆ ಎಂದು ಹಾಗೆಯೇ ಬಿಟ್ಟವರ ಮನೆಯಲ್ಲಿ ಹದಿನೈದು ದಿನಕ್ಕೆ ಅದು ಚರ್ಮದೊಳಗೆ ಇಳಿದಿತ್ತು.