ಕೃಷಿ ಹೊಂಡ ಮಾಡಿಸಿದೆ, ಸಬ್ಸಿಡಿ ದುಡ್ಡು ಎಲ್ಲೆಲ್ಲಿಗೆ ಹೋಯ್ತು ಅಂತ ಲೆಕ್ಕ ಬರೆದಿಟ್ಟೆ

ನಮ್ದು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲೂಕು, ಕೆಂಪು ನೆಲ, ಮಳೆ ನಂಬ್ಕೊಂಡು ಶೇಂಗಾ. ಮಳೆ ನೀರು ಹಿಡಿದಿಡೋಕೆ ಹೊಲದಲ್ಲಿ ಹೊಂಡ ತೆಗೆಸ್ಬೇಕು ಅಂತಿರೋರು ಸುಮಾರು ಜನ ಕೇಳ್ತಿರ್ತಾರೆ, ಅದಕ್ಕೆ ಬರೀತಿದೀನಿ.

ಫಸ್ಟು ಫ್ರೂಟ್ಸ್ ಐಡಿ, ಅಂದ್ರೆ ಸರ್ಕಾರದಲ್ಲಿ ರೈತನ ನೋಂದಣಿ ನಂಬರು. ಪಹಣಿ, ಆಧಾರ್, ಬ್ಯಾಂಕು, ಮೂರರಲ್ಲೂ ಹೆಸ್ರು ಒಂದೇ ಇರ್ಬೇಕು. ಜಮೀನು ಇನ್ನೂ ಅಜ್ಜನ ಹೆಸ್ರಲ್ಲೇ ಇದ್ದು ಪೌತಿ ಖಾತೆ (ತೀರಿಕೊಂಡೋರ ಜಮೀನು ವಾರಸುದಾರರ ಹೆಸ್ರಿಗೆ ಮಾಡ್ಸೋದು) ಆಗದೇ ಇರೋರು ನಮ್ಮೂರಲ್ಲೇ ಬೇಕಾದಷ್ಟಿದಾರೆ, ಅವ್ರಿಗೆ ಸಬ್ಸಿಡಿ ಅನ್ನೋದು ಪೇಪರಲ್ಲಿ ಓದೋ ಸುದ್ದಿ ಅಷ್ಟೇ. ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ. ಹೊಂಡಕ್ಕೆ ದುಡ್ಡು ಕೊಡೋ ರಾಜ್ಯದ ಸ್ಕೀಮು ಕೃಷಿ ಭಾಗ್ಯದಲ್ಲಿ ಸಾಮಾನ್ಯ ವರ್ಗಕ್ಕೆ 80% ಸಬ್ಸಿಡಿ, ಎಸ್‌ಸಿ ಎಸ್‌ಟಿಗೆ 90%. ಆದ್ರೆ ನಂಗೆ ಆಗಿದ್ದು ಹೇಗಂದ್ರೆ ಮೊದ್ಲು ದುಡ್ಡು ಕೈಯಿಂದಾನೇ ಹಾಕ್ದೆ, ಇಲಾಖೆಯೋರು ಬಂದು ಜಿಪಿಎಸ್ ಫೋಟೋ ತೆಗೆದು ಹೋದ್ಮೇಲೆ ಖಾತೆಗೆ ಬಂತು, ಅಲ್ಲಿವರ್ಗೂ ಕೈಸಾಲ. ಕೈಸಾಲ ಹುಟ್ಟದೇ ಇರೋನು ಏನ್ಮಾಡ್ಬೇಕು?

21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ ತೆಗೆಸ್ದೆ. ಬದಿಗಳ ಇಳಿಜಾರು ಕಳೆದ್ರೆ ಹತ್ತಿರ ಹತ್ತಿರ 10 ಲಕ್ಷ ಲೀಟರ್ ಹಿಡಿಯುತ್ತೆ. ಒಂದು ಎಕರೆಗೆ ಒಂದು ಇಂಚು ನೀರು ಅಂದ್ರೆ ಸುಮಾರು 1 ಲಕ್ಷ ಲೀಟರ್, ಅಂದ್ರೆ ನಾಲ್ಕು ಎಕರೆಗೆ ಎರಡು ಸಲ ಸ್ಪ್ರಿಂಕ್ಲರ್ ಓಡಿಸ್ಬಹುದು, ಅಷ್ಟೇ, ಅದಕ್ಕಿಂತ ಆಸೆ ಬೇಡ. ಆದ್ರೆ ಕಾಯಿ ಕಟ್ಟೋ ಹೊತ್ತಲ್ಲಿ ಮಳೆ ಕೈಕೊಟ್ಟಾಗ ಆ ಎರಡು ಸಲದ ನೀರೇ ಬೆಳೆ ಉಳಿಸೋದು.

ಈಗ ಲೆಕ್ಕ. ಹೊಂಡಕ್ಕೆ ಹಾಸೋ ತಾರ್ಪಾಲು, ಪಂಪು, ಪೈಪು ಎಲ್ಲಾ ಹೊರಗಿನ ಕಂಪನಿಗಳ ಮಾಲು, ಅದರ ದುಡ್ಡು ಬಂದ ದಾರೀಲೇ ವಾಪಸ್ ಹೋಯ್ತು. ಒಂದು ಅಂಗಡೀಲಂತೂ ಸಬ್ಸಿಡಿ ಅಂದ್ರೆ ಒಂದು ರೇಟು, ನಗದು ಅಂದ್ರೆ ಕಮ್ಮಿ ರೇಟು! ಊರಕಡೆ ಉಳಿದಿದ್ದು ಜೆಸಿಬಿ ಬಾಡಿಗೆ, ಬೇಲಿ ಕಟ್ಟಿದ ಕೂಲಿ. ಅದೂ ಒಂದೇ ಸಲ. ವರ್ಷಾ ವರ್ಷಾ ಉಳಿಯೋದು ಬೆಳೆಯಿಂದ, ಕಾಯಿ ಬಿಡಿಸೋ ಹೆಂಗಸರ ಕೂಲಿ, ಹಮಾಲಿ, ಮಂಡಿ ಕಮಿಷನ್, ಅದಾದ್ಮೇಲೆ ಎಣ್ಣೆ ಮಿಲ್ಲು.

ಮಿಲ್ಲೇ ಇಲ್ಲಿ ದೊಡ್ಡ ವಿಷ್ಯ. ಎಣ್ಣೆ ನಗರಿ ಅಂತ ಕರೆಸ್ಕೊಂಡಿದ್ದ ಚಳ್ಳಕೆರೆಯಲ್ಲಿ ಈಗ ಎಷ್ಟೋ ಮಿಲ್ಲಿಗೆ ಬೀಗ, ಯಾಕಂದ್ರೆ 1994ರಿಂದ ಪಾಮ್ ಎಣ್ಣೆ ಆಮದು ಸಲೀಸಾಯ್ತು. 2024ರ ಸೆಪ್ಟೆಂಬರಲ್ಲಿ ಕಚ್ಚಾ ಪಾಮ್, ಸೋಯಾ, ಸೂರ್ಯಕಾಂತಿ ಎಣ್ಣೆ ಮೇಲೆ 20% ಮೂಲ ಸುಂಕ ಹಾಕಿದ್ರು, 2025ರ ಮೇ ತಿಂಗಳಲ್ಲಿ ಅದನ್ನ 10%ಗೆ ಇಳಿಸಿದ್ರು. ಪೇಟೇಲಿ ಎಣ್ಣೆ ಅಗ್ಗ ಆಗ್ಲಿ ಅಂತ ಮಾಡಿದ್ರು ಸರಿ, ಆದ್ರೆ ಒಂದು ಇಲಾಖೆ ಶೇಂಗಾ ಬೆಳೀರಿ ಅಂತ ಹೊಂಡಕ್ಕೆ ದುಡ್ಡು ಕೊಡುತ್ತೆ, ಇನ್ನೊಂದು ಕಡೆ ಅದೇ ಶೇಂಗಾ ರೇಟಿಗೆ ಹೊಡ್ತ ಕೊಡೋ ಆದೇಶ. ಕರೆಂಟಿಂದೂ ಇದೇ ಕತೆ, 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಫ್ರೀ, ಅದಕ್ಕೇ ಬೋರ್ ಮೇಲೆ ಬೋರು, ನೀರು ಉಳಿಸಿ ಅಂತ ಹನಿ ನೀರಾವರಿಗೆ 90%ವರೆಗೆ ಸಬ್ಸಿಡಿ ಬೇರೆ!

ದೊಡ್ಡ ಮಟ್ಟದ ಮಾತೂ ಹೀಗೇ: ಪ್ರಾದೇಶಿಕ ಅಸಮತೋಲನ ನೋಡೋಕೆ ರಾಜ್ಯ ಮಾಡಿದ್ದ ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ 175 ತಾಲೂಕಲ್ಲಿ 114 ಹಿಂದುಳಿದಿವೆ ಅಂತ ಬರೆದು ಕೊಟ್ಟಿತ್ತು. ನಮ್ಮ ಕಡೆಗೆ ನೀರು ತರೋ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಲ್ಲಿ 5,300 ಕೋಟಿ ಅಂತ ಹೇಳಿದ್ರು, ಆ ದುಡ್ಡು ಬಂದಿಲ್ಲ ಅಂತ ರಾಜ್ಯ ಕೇಂದ್ರದ ಜೊತೆ ಜಗಳಕ್ಕಿಳೀತು.

ನನ್ ಕಣ್ಣಿಗೆ ಕೆಲ್ಸ ಮಾಡ್ತಿದೆ ಅಂತ ಕಂಡಿದ್ದು ಬೇರೇನೇ. ನಮ್ಮ ಚಿಕ್ಕಪ್ಪನ ಮಗ ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗಿರೋ ಪಿಎಂಎಫ್‌ಎಂಇ ಸ್ಕೀಮಲ್ಲಿ ಸಾಲ ತಗೊಂಡು ಊರಲ್ಲೇ ಗಾಣ ಹಾಕಿದಾನೆ, ಸ್ಕೀಮಿಂದು 35%, ನಮ್ಮ ರಾಜ್ಯ ಅದರ ಮೇಲೆ ಕೊಡೋದು ಸೇರಿ 50% ಸಬ್ಸಿಡಿ. ನನ್ ಕಾಯಿ ಸ್ವಲ್ಪ ಅಲ್ಲಿಗೇ ಹಾಕ್ತೀನಿ. ಮಂಡಿಗೆ ಸಾಗಿಸೋ ಬಾಡಿಗೆ ಉಳಿಯುತ್ತೆ, ಹಿಂಡಿ ನಮ್ಮ ದನಗಳಿಗೇ ಬರುತ್ತೆ, ಇಬ್ರು ಹುಡುಗರಿಗೆ ವರ್ಷಪೂರ್ತಿ ಕೆಲ್ಸ. ಆದ್ರೆ ಪಾಮ್ ಎಣ್ಣೆ ರೇಟ್ ನೋಡಿದ ಗಿರಾಕಿಗೆ ಗಾಣದೆಣ್ಣೆ ರೇಟ್ ಒಪ್ಸೋದು ಅವನಿಗೆ ದಿನಾ ಇರೋ ಗೋಳು, ಅದಕ್ಕೆ ಈಗ ಅರ್ಧ ಮಾಲು ಬೆಂಗಳೂರಿಗೆ ಕಳಿಸ್ತಾನೆ.