ಮಂಡ್ಯದ ಕರಿಬೆಲ್ಲ, ಶುಂಠಿ, ಒಂದು ಗಾಜಿನ ಜಾಡಿ: ಮನೇಲಿ ಜಿಂಜರ್ ಬಿಯರ್ ಮಾಡೋ ನನ್ನ ಅನುಭವ

ಮೊದಲೇ ಹೇಳ್ಬಿಡ್ತೀನಿ, ಇದು ಬಾರ್ಲಿ ಮಾಲ್ಟಿಂದ ಮಾಡೋ ಬಿಯರ್ ಅಲ್ಲ. ಅದನ್ನ ಲೈಸೆನ್ಸ್ ಇಲ್ದೆ ಮನೇಲಿ ಮಾಡೋಕೆ ನಮ್ಮ ಅಬಕಾರಿ ಕಾನೂನು ಬಿಡಲ್ಲ. ನಾನು ಮಾಡೋದು ಶುಂಠಿ, ಬೆಲ್ಲ, ನಿಂಬೆಹಣ್ಣು ಹಾಕಿ ಹುಳಿ ಬರಿಸಿದ ಜಿಂಜರ್ ಬಿಯರ್. ಬೇಗ ಫ್ರಿಜ್ಜಿಗೆ ಹಾಕಿದ್ರೆ ಇದ್ರಲ್ಲಿ ಆಲ್ಕೋಹಾಲ್ ತುಂಬಾ ಕಮ್ಮಿ, ಆದ್ರೆ ಸೊನ್ನೆ ಅಲ್ಲ, ಅದಕ್ಕೇ ನಮ್ಮನೇಲಿ ಮಕ್ಕಳಿಗೆ ಕೊಡಲ್ಲ. ಅಂಗಡೀಲಿ ಸಿಗೋ ಜಿಂಜರ್ ಡ್ರಿಂಕ್ ಕುಡಿದು ಇದೂ ಅಷ್ಟೇ ಅನ್ಕೊಂಡಿದ್ರೆ ದಯವಿಟ್ಟು ಒಂದ್ಸಲ ಮನೇಲಿ ಮಾಡಿ ನೋಡಿ, ಏನಕ್ಕೆ ಹೇಳ್ತಿದೀನಿ ಅಂದ್ರೆ ಇದ್ರ ಸುಖ ಕುಡಿಯೋದ್ರಲ್ಲಿ ಅರ್ಧ ಮಾತ್ರ, ಉಳಿದರ್ಧ ಅದು ತಯಾರಾಗೋವಾಗ ದಿನಾ ಮೂಗು, ಕಿವಿ, ನಾಲಿಗೆಗೆ ಸಿಗುತ್ತೆ.

ಶುರು ಆಗೋದು ಹೆಪ್ಪಿಂದ. ಇಂಗ್ಲಿಷಲ್ಲಿ ಜಿಂಜರ್ ಬಗ್ ಅಂತಾರೆ, ನಮ್ಮನೇಲಿ ಹೆಪ್ಪು ಅಂತಾನೇ ಕರೀತೀವಿ. ಅರ್ಧ ಲೀಟರ್ ಕಾಯಿಸಿ ಆರಿಸಿದ ನೀರಿಗೆ ಎರಡು ಚಮಚ ಸಿಪ್ಪೆ ಸಮೇತ ತುರಿದ ಶುಂಠಿ, ಎರಡು ಚಮಚ ಸಕ್ಕರೆ, ಮೇಲೆ ತೆಳು ಬಟ್ಟೆ ಕಟ್ಟಿ ಇಡೋದು, ಆಮೇಲೆ ದಿನಾ ಒಂದೊಂದು ಚಮಚ ಶುಂಠಿ, ಸಕ್ಕರೆ ಹಾಕಿ ಕದಡೋದು. ಸಿಪ್ಪೆ ತೆಗೀಬಾರ್ದು, ಯೀಸ್ಟು ಬ್ಯಾಕ್ಟೀರಿಯಾ ಇರೋದೇ ಅಲ್ಲಿ. ನಲ್ಲಿ ನೀರು ನೇರವಾಗಿ ಹಾಕ್ಬೇಡಿ, ಕ್ಲೋರಿನ್ ಇದ್ರೆ ಅವು ಏಳೋದೇ ಇಲ್ಲ. ಮೇಲೆ ತುಪ್ಪಟದ ಥರ ಬೂಷ್ಟು ಬಂತಾ, ಯೋಚ್ನೆನೇ ಮಾಡ್ದೆ ಚೆಲ್ಲಿ.

ಮೊದಲ ದಿನ ಬರೀ ಹಸಿ ಶುಂಠಿ ವಾಸನೆ. ಆಮೇಲೆ ಒಂದಿನ ಬೆಳಿಗ್ಗೆ ಬಟ್ಟೆ ಬಿಚ್ಚಿದ್ರೆ ತುರಿ ಎಲ್ಲ ಮೇಲೆ ತೇಲಿರುತ್ತೆ, ಕೆಳಗಿಂದ ಸಣ್ಣ ಗುಳ್ಳೆ ಸಾಲಾಗಿ ಏಳ್ತಿರ್ತವೆ, ಕಿವಿ ಹತ್ರ ಹಿಡಿದ್ರೆ ಚಿರ್ ಚಿರ್ ಅಂತ ಕೇಳುತ್ತೆ. ಆ ಸದ್ದು ಕೇಳೋಕೆ ನಾನು ಕಾಫಿಗೂ ಮುಂಚೆ ಜಾಡಿ ಹತ್ರ ಹೋಗ್ತೀನಿ, ನಿಜವಾಗ್ಲೂ. ವಾಸನೇಲಿ ಸ್ವಲ್ಪ ಬಾಳೆಹಣ್ಣು ಸೇರ್ಕೊಂಡಿರುತ್ತೆ, ಯೀಸ್ಟ್ ಕೆಲಸ ಮಾಡ್ತಾ ಎಸ್ಟರ್ ಅನ್ನೋ ಹಣ್ಣಿನ ಘಮದ ಅಂಶಾನೂ ಹುಟ್ಟಿಸುತ್ತಲ್ಲ, ಅದಕ್ಕೆ. ನಮ್ಮಮ್ಮ ಮೂಸಿ ನೋಡಿ "ಇಡ್ಲಿ ಹಿಟ್ಟು ಉಬ್ಬಿದಾಗ ಬರೋ ವಾಸ್ನೆ ಅಲ್ವೇನೋ ಇದು" ಅಂದ್ರು, ಸರಿಯಾಗೇ ಹಿಡಿದಿದ್ರು, ಎರಡರಲ್ಲೂ ಲ್ಯಾಕ್ಟಿಕ್ ಹುಳಿ ಇದೆ. ಹಳೇ ಕಾಲದಲ್ಲಿ ಇಂಗ್ಲೆಂಡಲ್ಲಿ ಜಿಂಜರ್ ಬಿಯರ್ ಮಾಡ್ತಿದ್ದ ಹೆಪ್ಪು ಬೇರೆ ಥರದ್ದು, ಬೆಳ್ಳಗೆ ಗಟ್ಟಿ ಗಟ್ಟಿ ಉಂಡೆ. ಅದನ್ನ ಹ್ಯಾರಿ ಮಾರ್ಷಲ್ ವಾರ್ಡ್ ಅನ್ನೋ ಸಸ್ಯವಿಜ್ಞಾನಿ ಬಿಡಿಸಿ ನೋಡಿ 1892ರಲ್ಲಿ ಪ್ರಕಟ ಮಾಡಿದ್ರು, ಅದ್ರಲ್ಲೂ ಮುಖ್ಯವಾಗಿ ಇದ್ದಿದ್ದು ಒಂದು ಯೀಸ್ಟು ಒಂದು ಬ್ಯಾಕ್ಟೀರಿಯಾ ಜೊತೆ ಜೊತೆಗೆ ಬದುಕೋ ಸಂಸಾರ.

ಈಗ ಬೆಲ್ಲದ ವಿಷಯ, ಇಲ್ಲಿ ನಾನು ಸ್ವಲ್ಪ ಹಠಮಾರಿ. ಸಕ್ಕರೆ ಹಾಕಿದ್ರೂ ಬಿಯರ್ ಆಗುತ್ತೆ, ಆದ್ರೆ ಸಕ್ಕರೆ ಹುಳಿ ಬಂದು ಕರಗಿಹೋದ ಮೇಲೆ ಅದ್ರದ್ದು ಅಂತ ರುಚಿ ಏನೂ ಉಳಿಯಲ್ಲ. ಬೆಲ್ಲ ಹಂಗಲ್ಲ, ಸಿಹಿ ಹೋದ್ಮೇಲೂ ಆ ಪಾಕದ ಘಮ, ಒಂಚೂರು ಉಪ್ಪು, ನಾಲಿಗೆ ಕೊನೇಲಿ ಸಣ್ಣ ಕಹಿ ನಿಲ್ಲುತ್ತೆ. ಪಾಂಡವಪುರದ ಕಡೆ ನಮ್ಮ ಚಿಕ್ಕಪ್ಪನ ಕಬ್ಬು ಅರೆಯೋ ಆಲೆಮನೆಯಿಂದಾನೇ ತರ್ತೀನಿ, ಬಣ್ಣ ತಿಳಿಯಾಗ್ಲಿ ಅಂತ ಹಾಕೋ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕದೆ ಮಾಡಿದ ಕರೀ ಬೆಲ್ಲ. "ಎಲ್ರೂ ಹಳದೀದೇ ಕೇಳ್ತರೆ, ನಿಂಗ್ಯಾಕ್ಲಾ ಮಗ ಈ ಕರೀದು" ಅಂತ ಚಿಕ್ಕಪ್ಪ ಪ್ರತಿ ಸಲ ಕೇಳ್ತಾರೆ, ಕೇಳ್ತಾನೇ ಎರಡು ಅಚ್ಚು ಜಾಸ್ತಿ ಹಾಕ್ತಾರೆ. ಕೊಪ್ಪರಿಗೆ ಪಕ್ಕ ನಿಂತು ಕಬ್ಬಿನ ಹಾಲು ಪಾಕ ಆಗೋದನ್ನ ಮೂಸೋದೇ ಒಂದು ಸುಖ, ಅದೇ ವಾಸನೆ ಆಮೇಲೆ ಲೋಟದಲ್ಲಿ ಸಿಕ್ಕಿದಾಗ ಮೈ ಜುಮ್ ಅನ್ನುತ್ತೆ.

ಎರಡು ಲೀಟರ್ ನೀರಿಗೆ 200 ಗ್ರಾಂ ಬೆಲ್ಲ, 100 ಗ್ರಾಂ ಶುಂಠಿ. ಶುಂಠಿ ಮೈಸೂರಿನ ದೇವರಾಜ ಮಾರ್ಕೆಟ್ಟಲ್ಲಿ ತಗೋತೀನಿ, ಬಲಿತಿದ್ದು, ಮುರಿದ್ರೆ ನಾರು ಕಾಣ್ಬೇಕು, ಎಳೇದ್ರಲ್ಲಿ ಖಾರ ಸಾಲಲ್ಲ. ಅರ್ಧ ಶುಂಠಿ ಜಜ್ಜಿ ಬೆಲ್ಲದ ಜೊತೆ ಕಾಲು ಗಂಟೆ ಕುದಿಸ್ತೀನಿ, ಇನ್ನರ್ಧ ಹಸೀದೇ ಜಜ್ಜಿ ಒಲೆ ಆರಿಸಿದ ಮೇಲೆ ಹಾಕ್ತೀನಿ. ಹಸಿ ಶುಂಠಿ ಖಾರಕ್ಕೆ ಕಾರಣ ಜಿಂಜೆರಾಲ್, ಕಾಯಿಸಿದ್ರೆ ಅದ್ರಲ್ಲಿ ಒಂದಷ್ಟು ಜಿಂಜೆರೋನ್ ಆಗಿ ಮೆತ್ತಗಾಗುತ್ತೆ, ಘಮ ಸಿಹಿಯಾಗುತ್ತೆ, ನಂಗೆ ಎರಡೂ ಬೇಕು, ಗಂಟಲು ಕಚ್ಚೋದೂ ಬೇಕು, ಮೂಗಿಗೆ ಬೆಚ್ಚಗೆ ಬರೋದೂ ಬೇಕು. ಬೆರಳಿಟ್ರೆ ಬಿಸಿ ಗೊತ್ತಾಗದಷ್ಟು ಆರಿದ ಮೇಲೆ ಸೋಸಿ ಎರಡು ನಿಂಬೆಹಣ್ಣಿನ ರಸ, ಅರ್ಧ ಕಪ್ ಹೆಪ್ಪಿನ ನೀರು. ಬಿಸಿ ಇದ್ದಾಗ ಹೆಪ್ಪು ಹಾಕಿದ್ರೆ ಯೀಸ್ಟ್ ಸತ್ತುಹೋಗುತ್ತೆ, ನಿಂಬೆ ಘಮಾನೂ ಹಾರಿಹೋಗುತ್ತೆ.

ಬಾಟ್ಲಿ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಸೋಡಾ ಬಂದಿರೋ ಪ್ಲಾಸ್ಟಿಕ್ ಬಾಟ್ಲೀನೇ ಬಳಸಿ, ಮೇಲೆ ಮೂರು ಬೆರಳು ಜಾಗ ಬಿಡಿ. ಯೀಸ್ಟ್ ಸಿಹಿ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡ್ತಾನೇ ಇರುತ್ತೆ, ಸಾಧಾರಣ ಗಾಜಿನ ಬಾಟ್ಲಿ ಆದ್ರೆ ಒಡೆದು ಚೂರು ಹಾರುತ್ತೆ. ಪ್ಲಾಸ್ಟಿಕ್ ಆದ್ರೆ ಒತ್ತಿ ನೋಡಿದ್ರೇ ಗೊತ್ತಾಗುತ್ತೆ, ಬೆರಳಿಗೆ ಬಗ್ಗದಷ್ಟು ಗಟ್ಟಿ ಆಯ್ತು ಅಂದ್ರೆ ಫ್ರಿಜ್ಜಿಗೆ. ಮೈಸೂರಲ್ಲಿ ಮಾರ್ಚ್ ಏಪ್ರಿಲಲ್ಲಿ ಎರಡೇ ದಿನ ಸಾಕು, ಡಿಸೆಂಬರ್ ಚಳೀಲಿ ನಾಕೈದು ದಿನ ಬೇಕಾಗುತ್ತೆ. ಅದಕ್ಕೇ ನಾನು ಕ್ಯಾಲೆಂಡರ್ ನೋಡಲ್ಲ, ದಿನಕ್ಕೆ ಎರಡು ಸಲ ಬಾಟ್ಲಿ ಮುಟ್ಟಿ ನೋಡ್ತೀನಿ.

ಒಂದು ರಾತ್ರಿ ಪೂರ್ತಿ ಫ್ರಿಜ್ಜಲ್ಲಿ ಇಟ್ಟು ಮುಚ್ಚಳ ನಿಧಾನಕ್ಕೆ ತಿರುಗಿಸಿ, ತಣ್ಣಗಿದ್ದಷ್ಟೂ ಗ್ಯಾಸು ನೀರಲ್ಲೇ ಕೂತಿರುತ್ತೆ. ಲೋಟಕ್ಕೆ ಸುರಿದಾಗ ಜೇನಿನ ಬಣ್ಣ, ಮೇಲೆ ತೆಳ್ಳಗೆ ನೊರೆ, ಮೂಗು ಹತ್ರ ತಂದ ತಕ್ಷಣ ಸಣ್ಣ ಹನಿ ಸಿಡಿಯುತ್ತೆ. ಮೊದಲು ನಿಂಬೆ, ಆಮೇಲೆ ಬೆಲ್ಲ, ನುಂಗಿದ ಮೇಲೆ ಎದೇವರೆಗೂ ಶುಂಠಿ. ಭಾನುವಾರ ಮಧ್ಯಾಹ್ನ ಮುದ್ದೆ ಬಸ್ಸಾರು ಉಂಡು ಮೇಲೆ ಒಂದು ಲೋಟ ಕುಡಿದ್ರೆ ಇದಕ್ಕಿಂತ ಏನು ಬೇಕು ಅನ್ಸುತ್ತೆ. ಪಕ್ಕದ್ಮನೆ ಆಂಟಿ ಈಗ ನನ್ನ ಹೆಪ್ಪಿಂದ ಒಂದು ಚಮಚ ತಗೊಂಡೋಗಿ ಅವರದ್ದೇ ಜಾಡಿ ಇಟ್ಟಿದಾರೆ, ಒಂದೇ ಹೆಪ್ಪಾದ್ರೂ ಅವರದ್ದು ನನ್ನದಕ್ಕಿಂತ ಹುಳಿ ಜಾಸ್ತಿ, ನಂಗೆ ಅದೂ ಇಷ್ಟ, ವಾರಕ್ಕೊಂದ್ಸಲ ಬಾಟ್ಲಿ ಬದಲಾಯಿಸ್ಕೋತೀವಿ.

ಇತ್ತೀಚೆಗೆ ಮಾಗಳಿ ಬೇರು ಹಾಕಿ ಮಾಡ್ತಿದೀನಿ, ಉಪ್ಪಿನಕಾಯಿಗೆ ಹಾಕ್ತಾರಲ್ಲ ಅದೇ. ಮಧ್ಯದ ಕಡ್ಡಿ ತೆಗೆದು ಬೇರಿನ ಮಾಂಸ ಮಾತ್ರ ಜಜ್ಜಿ, ಹಸಿ ಶುಂಠಿ ಜೊತೆ ಒಲೆ ಆರಿಸಿದ ಮೇಲೇ ಹಾಕ್ಬೇಕು. ಒಂದು ಬಾಟ್ಲಿಗೆ ಬೆರಳುದ್ದ ತುಂಡು ಸಾಕು, ಜಾಸ್ತಿ ಆದ್ರೆ ಶುಂಠಿ ಇದೆ ಅಂತಾನೇ ಗೊತ್ತಾಗಲ್ಲ.