ನೆರೆಮನೆಯ ಉಪದ್ರವ: ದೂರು ಕೊಡುವ ಮೊದಲು ಮತ್ತು ಕೊಟ್ಟ ಮೇಲೆ

ಪಕ್ಕದ ಮನೆಯವರ ಮೇಲೆ ಅಧಿಕಾರಿಗಳಿಗೆ ದೂರು ಕೊಡಬೇಕಾದ ಸಂದರ್ಭ ಬಂದಾಗ, ಚಾಡಿ ಹೇಳಿದಂತಾಗುತ್ತದೇನೋ ಎಂಬ ಅಳುಕು ಅನೇಕರನ್ನು ತಡೆಯುತ್ತದೆ. ಚಾಡಿ ಎಂದರೆ ಒಬ್ಬರಿಗೆ ಕೆಡುಕಾಗಲೆಂದು ಬೆನ್ನ ಹಿಂದೆ ಆಡುವ ಮಾತು. ಎದುರಿಗೇ ಹೇಳಿಯೂ ಫಲ ಸಿಗದ ಮಾತನ್ನು ಅಧಿಕಾರವುಳ್ಳವರ ಮುಂದಿಡುವುದು ದೂರು. ಮುಂದೆ ಹೇಳುವ ಕ್ರಮವೆಲ್ಲ ಈ ವ್ಯತ್ಯಾಸವನ್ನು ಕಾಯ್ದುಕೊಳ್ಳುವುದಕ್ಕಾಗಿ.

ಮೊದಲು ನಿಮಗೆ ಆಗುತ್ತಿರುವುದು ಬರೀ ಬೇಸರವೋ, ಹಾನಿಯೋ ಎಂದು ಗುರುತಿಸಿಕೊಳ್ಳಿ. ಹಗಲಿನಲ್ಲಿ ಮಕ್ಕಳು ಓಡಾಡುವ ಸದ್ದು, ಎಂದೋ ಒಮ್ಮೆ ಗೋಡೆಗೆ ಮೊಳೆ ಹೊಡೆಯುವ ಸದ್ದು ಬೇಸರ ತರಬಹುದು. ದಿನವೂ ನಿದ್ದೆ ಕೆಡುವುದು, ಕೊಳಚೆ ನೀರು ನಿಮ್ಮ ಅಂಗಳಕ್ಕೆ ಹರಿಯುವುದು, ಓಡಾಡುವ ದಾರಿ ಮುಚ್ಚುವುದು ಹಾನಿ. ಸದ್ದಿನ ವಿಷಯದಲ್ಲಿ ಒಂದು ಅಳತೆಗೋಲೂ ಇದೆ. ಮಲಗುವ ಕೋಣೆಯೊಳಗೆ ರಾತ್ರಿಯ ಸತತ ಸದ್ದು 30 ಡೆಸಿಬಲ್, ಆಗಾಗ ಕೇಳುವ ಬಿಡಿ ಸದ್ದು 45 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಹೇಳುತ್ತದೆ. ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಅದು ಸುಮಾರು ಎರಡರಷ್ಟಾಗಿ ಕೇಳುತ್ತದೆ; ಆದ್ದರಿಂದ 30ರಿಂದ 40ಕ್ಕೆ ಏರಿದ ಸದ್ದನ್ನು ಅಲ್ಪವೆನ್ನಲಾಗದು. ಮೊಬೈಲಿನ ಮಾಪಕ ಒಂದು ಅಂದಾಜು ಕೊಡುತ್ತದೆ, ಪುರಾವೆಯಾಗಿ ನಿಲ್ಲುವಷ್ಟು ನಿಖರವಲ್ಲ.

ಎರಡನೆಯದು, ನೇರವಾಗಿ ಮಾತನಾಡುವುದು. ನಮ್ಮ ಮೇಲ್ಮನೆಯಿಂದ ಕೆಲವು ವಾರಗಳ ಕಾಲ ನಡುರಾತ್ರಿಯಲ್ಲಿ ನೆಲವನ್ನು ಕೆರೆದಂಥ ಕರ್ಕಶ ಸದ್ದು ಬರುತ್ತಿತ್ತು. ಬೇಕೆಂದೇ ಮಾಡುತ್ತಿದ್ದಾರೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಒಂದು ಸಂಜೆ ಹೋಗಿ ಕೇಳಿದಾಗ, ಕಾಯಿಲೆಯಲ್ಲಿದ್ದ ಹೆಂಡತಿಗೆ ಔಷಧಿ ಕೊಡಲು ಆ ಮನೆಯ ಹಿರಿಯರು ರಾತ್ರಿ ಎರಡು ಬಾರಿ ಕಬ್ಬಿಣದ ಕುರ್ಚಿಯನ್ನು ಮಂಚದ ಬಳಿಗೆ ಎಳೆದುಕೊಳ್ಳುತ್ತಿದ್ದರೆಂದು ತಿಳಿಯಿತು. ಅದು ಕೆಳಗೆ ಕೇಳಿಸುತ್ತದೆಂಬ ಅರಿವೇ ಅವರಿಗಿರಲಿಲ್ಲ. ಕುರ್ಚಿಯ ನಾಲ್ಕು ಕಾಲಿಗೆ ದಪ್ಪ ಬಟ್ಟೆ ಕಟ್ಟಿದ ಮೇಲೆ ಸದ್ದು ನಿಂತಿತು. ಕೇಳದೆಯೇ ದೂರು ಕೊಟ್ಟಿದ್ದರೆ ಆ ಮನೆಗೆ ಎಂಥ ಹೊತ್ತಿನಲ್ಲಿ ಅಧಿಕಾರಿಗಳು ಬಂದಿರುತ್ತಿದ್ದರೆಂದು ನೆನೆದರೆ ಇಂದಿಗೂ ಮನಸ್ಸು ಹಿಂಡುತ್ತದೆ.

ಸಿಟ್ಟು ನೆತ್ತಿಗೇರಿದ ಹೊತ್ತಿನಲ್ಲಿ ಬಾಗಿಲು ಬಡಿಯದೆ, ಮರುದಿನ ಹೋಗಿ ಒಂದೇ ಒಂದು ಖಚಿತ ಬೇಡಿಕೆಯಿಡಿ. ಸ್ಪೀಕರಿನಿಂದ ಬರುವ ಗುಂಯ್ಗುಡುವ ತಗ್ಗು ಸ್ವರ (ಬೇಸ್) ಗೋಡೆಯನ್ನು ಸುಲಭವಾಗಿ ದಾಟುವುದರಿಂದ, ಸ್ಪೀಕರನ್ನು ನೆಲದಿಂದಲೂ ನಡುಗೋಡೆಯಿಂದಲೂ ದೂರವಿಡಲು ಕೇಳುವುದು "ಗಲಾಟೆ ಮಾಡಬೇಡಿ" ಎನ್ನುವುದಕ್ಕಿಂತ ಹೆಚ್ಚು ಉಪಯುಕ್ತ. ಎರಡನೆಯ ಸಲ ಅದನ್ನೇ ಸಭ್ಯವಾಗಿ ಬರೆದು ಕೊಟ್ಟು, ಅದರ ಒಂದು ನಕಲನ್ನು ಇಟ್ಟುಕೊಳ್ಳಿ.

ಆಗಲೂ ಕಿವಿಗೆ ಹಾಕಿಕೊಳ್ಳದಿದ್ದರೆ ದಾಖಲೆ ಆರಂಭಿಸಿ. "ರಾತ್ರಿಯಿಡೀ ಗದ್ದಲ" ಎಂಬ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. "ರಾತ್ರಿ 11.40ರಿಂದ 1.15, ಕಿಟಕಿ ಮುಚ್ಚಿದ್ದರೂ ಹಾಡಿನ ಪದಗಳು ಸ್ಪಷ್ಟ, ಮಗು ಎರಡು ಸಲ ಎದ್ದಿತು" ಎಂದು ದಿನಾಂಕದೊಂದಿಗೆ ಬರೆದರೆ ಅದಕ್ಕೆ ತೂಕವಿರುತ್ತದೆ. ಅವರ ಮನೆಯೊಳಗನ್ನು ಮಾತ್ರ ಚಿತ್ರೀಕರಿಸಬೇಡಿ. ಆಗ ತಪ್ಪು ನಿಮ್ಮದಾಗುತ್ತದೆ. ಮನೆ ಮಾಲೀಕರು, ನಿವಾಸಿಗಳ ಸಂಘ ಅಥವಾ ಇಬ್ಬರಿಗೂ ಬೇಕಾದ ಮಧ್ಯಸ್ಥರು ಇದ್ದರೆ ಆ ದಾಖಲೆಯನ್ನು ಮೊದಲು ಅವರಿಗೆ ತೋರಿಸಿ. ಅಲ್ಲಿಯೂ ಬಗೆಹರಿಯದಿದ್ದರೆ ಅಧಿಕಾರಿಗಳಿಗೆ ದೂರು ಕೊಡುವುದು ಪೂರ್ಣ ನ್ಯಾಯಸಮ್ಮತ, ಅದಕ್ಕಾಗಿ ನೀವು ತಲೆ ತಗ್ಗಿಸಬೇಕಾಗಿಲ್ಲ.

ಈ ಕ್ರಮವನ್ನೆಲ್ಲ ಬದಿಗಿಡಬೇಕಾದ ಸಂದರ್ಭಗಳೂ ಇವೆ. ಹೊಡೆತದ ಸದ್ದು, ಸಹಾಯಕ್ಕಾಗಿ ಕೂಗು, ಮಗುವಿನ ಅಥವಾ ವೃದ್ಧರ ಮೇಲೆ ಹಿಂಸೆಯ ಶಂಕೆ, ಅನಿಲ ಸೋರಿಕೆ, ಬೆಂಕಿ ಇವುಗಳಲ್ಲಿ ಯಾವುದಿದ್ದರೂ ಮಾತುಕತೆಗೆ ಕಾಯದೆ ಕೂಡಲೇ ತುರ್ತು ಸೇವೆಗೆ ಕರೆ ಮಾಡಿ. ಸತ್ಯಾಸತ್ಯವನ್ನು ಪರಿಶೀಲಿಸುವುದು ಅವರ ಕೆಲಸ. ತಿಳಿಸುವುದಷ್ಟೇ ನಿಮ್ಮ ಹೊಣೆ. ಹಿಂಸೆಯ ಶಂಕೆಯಿದ್ದಾಗ ಆ ಮನೆಯವರನ್ನೇ ಕೇಳಲು ಹೋದರೆ ಒಳಗಿರುವವರ ಅಪಾಯ ಹೆಚ್ಚಾಗಬಹುದು.

ಗದ್ದಲಕ್ಕೆ ಸೇಡು ತೀರಿಸಿಕೊಳ್ಳಲು ಅವರ ಮನೆಯ ಕಟ್ಟಡದಲ್ಲಿ ಲೋಪ ಹುಡುಕಿ ದೂರುವುದು ನನಗೆ ಒಪ್ಪಿಗೆಯಿಲ್ಲ. ನಿಮಗೆ ಆದ ತೊಂದರೆ ಯಾವುದೋ ಅದರ ಬಗ್ಗೆಯೇ ದೂರಿರಲಿ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಮುಂದಿನ ಕೆಲವು ವಾರಗಳ ದಾಖಲೆಯನ್ನೂ ಮುಂದುವರಿಸಿ. ತೊಂದರೆ ನಿಂತರೆ ಅದನ್ನೂ ಅದೇ ಕಚೇರಿಗೆ ತಿಳಿಸಿ ದೂರನ್ನು ಮುಕ್ತಾಯಗೊಳಿಸಿ.